ವಾಪಸು ಬಂದ ಡಬ್ಬಿಗಳು

ಪ್ಲಾಸ್ಟಿಕ್ ನಿಲ್ಲಿಸಿ ಎಂದು ಸರ್ಕಾರ ಹೇಳಿದಾಗ ಖುಷಿಪಟ್ಟ ಹೋಟೆಲಿನವರು ಯಾರಾದರೂ ಇದ್ದರೆ ಅದು ನಾನೊಬ್ಬಳೇ ಇರಬೇಕು. ಕುದಿಯುವ ಸಾಂಬಾರನ್ನು ತೆಳ್ಳನೆಯ ಚೀಲಕ್ಕೆ ಸುರಿದು ಬಾಯಿಗೆ ದಾರ ಸುತ್ತುವುದನ್ನು ನೋಡಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವ ಹಾಗೆ ಆಗುತ್ತಿತ್ತು. ನಾವು ಮನೆಯಲ್ಲಿ ಬಾಯಿಗೆ ಹಾಕದ ವಿಷವನ್ನು ದುಡ್ಡು ಕೊಟ್ಟವರಿಗೆ ಯಾಕೆ ಕಟ್ಟಿಕೊಡುವುದು ಎಂದು ಇವರ ಹತ್ತಿರ ಎಷ್ಟೋ ಸಲ ಜಗಳ ಆಡಿದ್ದೇನೆ. ಇವರು ಎಂದರೆ ನನ್ನ ಗಂಡ. ಕುಂದಾಪುರದ ಕಡೆಯಿಂದ ಬಂದು ಪುಣೆಯ ಕೊಂಢವಾದಲ್ಲಿ ಹೋಟೆಲು ಇಟ್ಟವರು ಮಾವ. ಅವರು ಹೋದ ಮೇಲೆ ಒಲೆಯ ಕಡೆ ಇವರು, ಗಲ್ಲಾದಲ್ಲಿ ನಾನು. ಜಗಳದಲ್ಲಿ ಗೆಲ್ಲುವುದು ಯಾವಾಗಲೂ ಒಲೆಯ ಕಡೆಯವರು.

ನಿಷೇಧ ಬಂತು, ಹೋಯಿತು, ಮತ್ತೆ ಬಂತು. ಒಂದಷ್ಟು ದಿನ ಇನ್ಸ್‌ಪೆಕ್ಟರುಗಳು ಬಂದು ನಮ್ಮ ಚೀಲಗಳ ಕಟ್ಟನ್ನು ಎತ್ತಿಕೊಂಡು ಹೋಗುವುದು, ಆಮೇಲೆ ಅವರೇ ನಮ್ಮಲ್ಲಿ ಇಡ್ಲಿ ಕಟ್ಟಿಸಿಕೊಂಡು ಅದೇ ಬಗೆಯ ಚೀಲದಲ್ಲಿ ಚಟ್ನಿ ಒಯ್ಯುವುದು ನಡೆಯಿತು. ಹೀಗೆ ಆಟ ಆಡಿ ಸುಸ್ತಾದ ಮೇಲೆ ವಾರ್ಡ್ ಆಫೀಸಿನವರಿಗೆ ಹೊಸ ಯೋಚನೆ ಹೊಳೆಯಿತು. ಎಸೆಯುವ ಡಬ್ಬಿಯೇ ಬೇಡ, ಸ್ಟೀಲಿನ ಡಬ್ಬಿ ಇರಲಿ. ಗಿರಾಕಿ ಅದರಲ್ಲಿ ಊಟ ಒಯ್ಯಲಿ, ತಿಂದು ನಮ್ಮ ಗಲ್ಲಿಯ ಯಾವ ಅಂಗಡಿಗಾದರೂ ವಾಪಸು ಕೊಡಲಿ. ಅದನ್ನು ತೊಳೆದು ಮತ್ತೆ ಇನ್ನೊಬ್ಬರಿಗೆ ಕೊಡುವುದು. ಊರಿಗೆಲ್ಲ ಒಮ್ಮೆಲೇ ಬೇಡ, ಮೊದಲು ಒಂದು ಗಲ್ಲಿಯಲ್ಲಿ ಮಾಡಿ ನೋಡೋಣ ಎಂದು ನಮ್ಮ ಗಲ್ಲಿಯನ್ನು ಆರಿಸಿದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಆದರೆ ಆವತ್ತು ನನಗೆ ಹಾಗೆ ಅನಿಸಲಿಲ್ಲ. ನಾನು ಕೈ ತಟ್ಟಿದೆ.

ಯೋಜನೆಯ ಹೊಣೆ ಹೊತ್ತ ಸಾಹೇಬರು ಗಲ್ಲಿಯ ಅಂಗಡಿಯವರನ್ನೆಲ್ಲ ಕೂರಿಸಿಕೊಂಡು, ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಬಿಡಿಸಿ ತೋರಿಸಿದರು. ಹೋಟೆಲಿನಿಂದ ಗಿರಾಕಿಗೆ ಒಂದು ಬಾಣ, ಗಿರಾಕಿಯಿಂದ ಡಬ್ಬಿ ಹಾಕುವ ಪೆಟ್ಟಿಗೆಗೆ ಒಂದು ಬಾಣ, ಅಲ್ಲಿಂದ ಮತ್ತೆ ಹೋಟೆಲಿಗೆ ಒಂದು ಬಾಣ. ಕೊನೆಯ ಬಾಣದ ಪಕ್ಕದಲ್ಲಿ ನೀಲಿ ಬಣ್ಣದ ಒಂದು ನೀರಿನ ಹನಿ. ಆ ಹನಿ ಏನು ಎಂದು ಕೇಳಿದ್ದಕ್ಕೆ, ಅದು ತೊಳೆಯುವುದು ಎಂದರು. ಅದಕ್ಕೆಂದೇ ಒಂದು ಕೇಂದ್ರ ಬರುತ್ತದೆ, ಶೆಡ್ಡು ಆಗಲೇ ಎದ್ದಿದೆ, ನೀರಿನ ಪೈಪು ಬರುವುದೊಂದೇ ಬಾಕಿ ಎಂದರು. ಪುಣೆಯಲ್ಲಿ ನೀರಿನ ಪೈಪು ಬರುವುದೊಂದೇ ಬಾಕಿ ಎಂದರೆ ಎಲ್ಲವೂ ಬಾಕಿ ಎಂದು ಅರ್ಥ. ಅಲ್ಲಿಯವರೆಗೆ ಯಾರು ತೊಳೆಯುವುದು ಎಂಬ ಪ್ರಶ್ನೆ ಎದ್ದಾಗ ಬಿರಿಯಾನಿ ಅಂಗಡಿಯವನು ಮೇಲೆ ನೋಡಿದ, ವಡಾಪಾವ್‌ನವನು ಕೆಳಗೆ ನೋಡಿದ. ಸಾಹೇಬರು ಇವರ ಕಡೆ ತಿರುಗಿ, ಶುಚಿ ಎಂದರೆ ಉಡುಪಿ ಹೋಟೆಲಿನವರು, ನಿಮ್ಮ ಹಿತ್ತಲಲ್ಲಿ ಬೋರ್‌ವೆಲ್ ಇದೆ, ಪಾತ್ರೆ ತೊಳೆಯಲು ಅಷ್ಟು ದೊಡ್ಡ ಮೋರಿಯೂ ಇದೆ ಎಂದರು. ಇವರು ಬೆಣ್ಣೆಯ ಹಾಗೆ ಕರಗಿದರು.

ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಆಡಗೊಡದ ಮನುಷ್ಯ ಇವರು. ಬಿರಿಯಾನಿ ಅಂಗಡಿಯ ಡಬ್ಬಿಗಳು ನಮ್ಮ ಮೋರಿಗೆ ಬರುತ್ತವಲ್ಲ ಎಂದು ನಾನು ನೆನಪಿಸಿದೆ. ತೊಳೆದ ಮೇಲೆ ಸ್ಟೀಲಿಗೆ ಜಾತಿ ಇಲ್ಲ ಎಂದರು. ಎಷ್ಟು ದೊಡ್ಡ ಮಾತು. ತೊಳೆಯುವವರು ತಾವಲ್ಲವಾದ್ದರಿಂದ ಅದು ಅಷ್ಟು ಸಲೀಸಾಗಿ ಬಾಯಿಂದ ಬಂತು.

ತೊಳೆಯುವವಳು ಯಾದಗಿರಿಯ ಕಡೆಯವಳು. ಗಂಡ ಇಲ್ಲೇ ಕಟ್ಟಡಗಳ ಮೇಲೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಇವಳು ನಮ್ಮಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಬಂದು ಎಷ್ಟೋ ವರ್ಷಗಳಾಗಿದ್ದವು. ನನಗಿಂತ ಸ್ವಲ್ಪ ಚಿಕ್ಕವಳು, ನನಗಿಂತ ಬಾಯಿ ಜೋರು. ಹೊರಗೆ ಎಲ್ಲರ ಹತ್ತಿರ ಮರಾಠಿ, ನನ್ನ ಹತ್ತಿರ ಅವಳ ಊರಿನ ಕನ್ನಡ. ನನ್ನ ಕನ್ನಡ ಕೇಳಿ, ಇದೇನ್ರಿ ಪುಸ್ತಕ ಓದಿದಂಗ ಮಾತಾಡ್ತೀರಿ ಎಂದು ಗೇಲಿ ಮಾಡುತ್ತಿದ್ದಳು. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ನಾವಿಬ್ಬರೂ ಹಿಂದಿನ ಕಟ್ಟೆಯ ಮೇಲೆ ಊಟಕ್ಕೆ ಕೂರುತ್ತಿದ್ದೆವು. ಅವಳು ಮನೆಯಿಂದ ಜೋಳದ ರೊಟ್ಟಿ ತರುತ್ತಿದ್ದಳು, ನಮ್ಮ ಪಲ್ಯ ಹಾಕಿಸಿಕೊಳ್ಳುತ್ತಿದ್ದಳು. ಆಮೇಲೆ ಒಂದು ಗುಡ್ಡೆ ಅನ್ನ, ಅದಕ್ಕೆ ನಡುವೆ ಗುಳಿ ಮಾಡಿ ಸಾರು. ಐದೂ ಬೆರಳು ಸೇರಿಸಿ ಕಲಸಿ, ತುತ್ತು ಮಾಡಿ, ಕೊನೆಗೆ ಅಂಗೈವರೆಗೆ ನೆಕ್ಕಿ ಏಳುತ್ತಿದ್ದಳು. ಅವಳು ಉಣ್ಣುವುದನ್ನು ನೋಡಿದರೆ ಹೊಟ್ಟೆ ತುಂಬಿದವರಿಗೂ ಇನ್ನೊಂದು ತುತ್ತು ಬೇಕೆನಿಸಬೇಕು, ಹಾಗೆ.

ಎಂಜಲು ಅವಳಿಗೆ ಹೊಸದಲ್ಲ. ಹೋಟೆಲಿನ ತಟ್ಟೆಗಳನ್ನು ದಿನವೂ ತೊಳೆದವಳು. ಆದರೆ ಆ ಎಂಜಲು ಈಗಷ್ಟೇ ಉಂಡು ಎದ್ದವರದ್ದು. ಅರ್ಧ ಇಡ್ಲಿ, ಒಂದಿಷ್ಟು ಚಟ್ನಿ, ಬದಿಗೆ ತೆಗೆದಿಟ್ಟ ಕರಿಬೇವು. ಅದರಲ್ಲಿ ಕೊಳಕು ಇರುವುದಿಲ್ಲ. ಡಬ್ಬಿಗಳು ಬರತೊಡಗಿದ ಮೇಲೆ ಕೊಳಕು ಎಂದರೆ ಏನು ಎಂದು ನಮಗೆ ಗೊತ್ತಾಯಿತು.

ಮುಚ್ಚಳ ಹಾಕಿದ ಸ್ಟೀಲಿನ ಡಬ್ಬಿಯಲ್ಲಿ ಉಳಿದ ಸಾಂಬಾರು ಒಂದು ವಾರ ಬಿಸಿಲಿಗೆ ಕೂತರೆ ಏನಾಗುತ್ತದೆ ಎಂದು ಆ ಬಾಣದ ಚಿತ್ರದಲ್ಲಿ ಇರಲಿಲ್ಲ. ತೆಗೆದ ಕೂಡಲೇ ಗಾಳಿ ಬುಸ್ಸೆಂದು ಹೊರಗೆ ಬರುತ್ತಿತ್ತು. ಒಳಗೆ ಹಸಿರು ಬೂಷ್ಟು, ಬಿಳಿ ನೊರೆ, ಒಮ್ಮೊಮ್ಮೆ ಮಿಜಿಗುಡುವ ಹುಳ. ಇರಲಿ, ಅನ್ನ ಹಳಸುವುದು ಅನ್ನದ ಧರ್ಮ. ಅದರ ಜೊತೆಗೆ ಕೋಳಿಯ ಮೂಳೆ ಜಗಿದು ಉಗಿದದ್ದು, ಸಿಗರೇಟಿನ ತುಂಡುಗಳು, ಗುಟ್ಕಾ ಉಗಿದು ಮುಚ್ಚಳ ಹಾಕಿದ್ದು, ಮೂಗು ಒರೆಸಿದ ಕಾಗದ, ಗಾಯಕ್ಕೆ ಅಂಟಿಸಿದ್ದ ಪಟ್ಟಿ. ಇದೆಲ್ಲ ಎಲ್ಲಿಂದ ಬರುತ್ತಿತ್ತು ಎಂದರೆ ಸೊಸೈಟಿ ಎಂದು ಇಲ್ಲಿ ಕರೆಯುವ, ಗೇಟಿನಲ್ಲಿ ಕಾವಲುಗಾರ ನಿಂತಿರುವ ಅಪಾರ್ಟ್‌ಮೆಂಟುಗಳಿಂದ, ಹಿಂಜವಾಡಿಯ ಐಟಿ ಆಫೀಸುಗಳಿಗೆ ಕಂಪನಿಯ ಕ್ಯಾಬಿನಲ್ಲಿ ಹೋಗಿಬರುವವರ ಮನೆಗಳಿಂದ. ಕೊಳೆಗೇರಿಯವರು ಸ್ಟೀಲಿನ ಡಬ್ಬಿಯನ್ನು ಹೀಗೆ ಮಾಡುವುದಿಲ್ಲ. ಅವರಿಗೆ ಸ್ಟೀಲು ಎಂದರೆ ಸ್ಟೀಲು.

ಮೊದಮೊದಲು ಅವಳು ಬೈದುಕೊಂಡು, ನಗಾಡಿಕೊಂಡು ತೊಳೆದಳು. ಒಂದು ದಿನ ಒಂದು ಡಬ್ಬಿ ಭಾರವಾಗಿದೆ ಎಂದು ತೆಗೆದು ನೋಡಿದರೆ ಒಳಗೆ ಮಗುವಿನ ಡೈಪರು. ಮಡಚಿ, ಒತ್ತಿ, ಮುಚ್ಚಳ ಕೂರಿಸಿ, ಮೇಲಿನ ಕೊಂಡಿಯನ್ನೂ ಹಾಕಿ ಕಳಿಸಿದ್ದರು. ಅವಳು ಕೂಗಲಿಲ್ಲ. ನನ್ನನ್ನು ಕರೆದು ತೋರಿಸಿದಳು. ನಾನು ಮೋರಿಯ ಪಕ್ಕವೇ ವಾಂತಿ ಮಾಡಿದೆ. ಅದನ್ನೂ ಅವಳೇ ತೊಳೆದಳು.

ಅದರ ಮೇಲೆ ನಾನು ಬಹಳ ಯೋಚನೆ ಮಾಡಿದ್ದೇನೆ. ಕಸದ ಬುಟ್ಟಿಗೆ ಏನನ್ನಾದರೂ ಹಾಕುವಾಗ ಅದು ಎಲ್ಲಿ ಹೋಗುತ್ತದೆ ಎಂದು ನಮಗೆ ಗೊತ್ತಿರುವುದಿಲ್ಲ, ಆ ಅಜ್ಞಾನಕ್ಕೆ ಸ್ವಲ್ಪ ಮಾಫಿ ಇದೆ. ಈ ಡಬ್ಬಿ ಹಾಗಲ್ಲ. ಇದನ್ನು ಒಬ್ಬರು ತೆಗೆಯುತ್ತಾರೆ, ಕೈ ಹಾಕುತ್ತಾರೆ, ಉಜ್ಜುತ್ತಾರೆ ಎಂದು ಖಂಡಿತವಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಹಾಗೆ ಕಳಿಸಿದರು ಎಂದು ಮೊದಲು ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಗೊತ್ತಿದ್ದದ್ದರಿಂದಲೇ ಹಾಗೆ ಕಳಿಸಿದರು. ಹೇಗೂ ತೊಳೆಯುವವರು ಇದ್ದಾರಲ್ಲ.

ಕೈಗವಸು ಕೊಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೊಟ್ಟೆ. ಅದರೊಳಗೆ ನೀರು ಹೋಗಿ ಕೈ ಬೆಂದ ಹಾಗಾಗುತ್ತಿತ್ತು, ಜಿಡ್ಡಿನ ಡಬ್ಬಿ ಜಾರುತ್ತಿತ್ತು, ಮೂಳೆ ಚುಚ್ಚಿ ತೂತಾಗುತ್ತಿತ್ತು. ನಾಲ್ಕು ದಿನದಲ್ಲಿ ಕೈಗವಸೇ ಡಬ್ಬಿಯಷ್ಟು ನಾರತೊಡಗಿತು. ಅವಳು ಅದನ್ನು ಬಿಸಾಡಿ ಬರಿಗೈಯಲ್ಲಿ ಕೂತಳು. ಆಮೇಲೆ ಸೋಪು, ನಿಂಬೆಹಣ್ಣಿನ ಸಿಪ್ಪೆ, ಕಡಲೆಹಿಟ್ಟು, ಕೊನೆಗೆ ಸೀಮೆಎಣ್ಣೆ, ಎಲ್ಲ ಹಚ್ಚಿ ಕೈ ತಿಕ್ಕಿಕೊಳ್ಳುತ್ತಿದ್ದಳು. ಬೆರಳಿನ ಸಂದಿಗಳು ಒಡೆದು ಕೆಂಪಾದವು.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿದವಳು ತುತ್ತನ್ನು ಬಾಯಿಯ ಹತ್ತಿರ ತಂದು ಹಾಗೇ ಕೆಳಗಿಟ್ಟಳು. ಹುಷಾರಿಲ್ಲವೇ ಎಂದೆ.

"ಒಂದು ಚಮಚ ಕೊಡ್ರಿ ಅಕ್ಕಾರ," ಎಂದಳು. "ಕೈ ಬಾಯಿ ಹತ್ರ ಬಂದ್ರ ಆ ನಾತ ಬರ್ತದ. ನನ್ನ ಕೈ ನನಗೇ ಹೇಸಿಕಿ ಆಗ್ಯಾದ್ರಿ."

ಅವಳ ಕೈ ಮೂಸಿ ನೋಡಿದೆ. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಹಾಗೆಂದು ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಚಮಚದಲ್ಲಿ ರೊಟ್ಟಿ ತಿನ್ನಲು ಬರುವುದಿಲ್ಲ, ಹಾಗಾಗಿ ರೊಟ್ಟಿ ನಿಂತಿತು. ಅನ್ನವನ್ನು ಚಮಚದಲ್ಲಿ, ಔಷಧಿ ಕುಡಿಯುವವರ ಹಾಗೆ, ಎರಡು ಸಲ ನುಂಗಿ ಎದ್ದುಬಿಡುತ್ತಿದ್ದಳು. ಮನೆಯಲ್ಲೂ ಹಾಗೆಯೇ, ರೊಟ್ಟಿ ಬಡಿಯಲು ಹಿಟ್ಟಿಗೆ ಕೈ ಹಾಕಲೂ ಮನಸ್ಸು ಬಾರದೆ ಗಂಡನೇ ಬಡಿಯುತ್ತಾನೆ ಎಂದು ತಿಳಿಯಿತು. ಕಣ್ಣೆದುರೇ ಕೊರಳಿನ ಎಲುಬು ಎದ್ದು ಬಂತು. ಒಬ್ಬ ಹೆಂಗಸಿಗೆ ಅವಳ ಕೈಯ ಊಟ ತಪ್ಪಿಸಿ ಇಟ್ಟಿದ್ದೆವು, ಅದಕ್ಕೆ ಪರಿಸರ ಎಂದು ಹೆಸರು.

ನಾನು ಹೊಸ ಕಾನೂನು ಕೇಳಲಿಲ್ಲ. ಒಂದೇ ಒಂದು ಸಾಲು ಕೇಳಿದೆ. ವಾಪಸು ಕೊಡುವ ಮುಂಚೆ ಡಬ್ಬಿಯನ್ನು ಒಮ್ಮೆ ನೀರು ಹಾಕಿ ಗಲಬರಿಸಿ ಕೊಡಬೇಕು ಎಂದು ನಿಯಮದಲ್ಲಿ ಸೇರಿಸಿ ಎಂದು ಸಾಹೇಬರ ಹತ್ತಿರ ಹೋಗಿ ಹೇಳಿದೆ. ಅವರು ಬಹಳ ಮರ್ಯಾದೆಯಿಂದ ಕೂರಿಸಿ ಚಹಾ ತರಿಸಿದರು. ಚಹಾ ಕಾಗದದ ಕಪ್ಪಿನಲ್ಲಿ ಬಂತು, ಅದನ್ನು ಬಿಡಿ. ಗಿರಾಕಿಗೆ ತೊಂದರೆ ಕೊಟ್ಟರೆ ಯೋಜನೆಯೇ ಸತ್ತುಹೋಗುತ್ತದೆ, ಇದರ ಜೀವ ಇರುವುದೇ ಅನುಕೂಲದಲ್ಲಿ, ಜನ ಪ್ಲಾಸ್ಟಿಕ್ಕನ್ನು ಹೇಗೆ ಎಸೆಯುತ್ತಿದ್ದರೋ ಅಷ್ಟೇ ಸುಲಭವಾಗಿ ಡಬ್ಬಿ ವಾಪಸು ಕೊಡುವಂತಿರಬೇಕು ಎಂದು ಮರಾಠಿ ಇಂಗ್ಲಿಷು ಬೆರೆಸಿ ತಿಳಿಹೇಳಿದರು. ಡೈಪರಿನ ಸಂಗತಿ ಹೇಳಿದೆ. ಅವರ ಮುಖ ಕಿವುಚಿತು. ಛೆ, ಊಟದ ಹೊತ್ತಿಗೆ ಇದನ್ನೆಲ್ಲ ಯಾಕೆ ಹೇಳುತ್ತೀರಿ ಎಂದರು. ಕೇಳಿದರೇ ಅವರಿಗೆ ಊಟ ಸೇರುವುದಿಲ್ಲ.

ಸರ್ಕಾರ ಬರೆಯದಿದ್ದರೆ ನಾನೇ ಬರೆಯುತ್ತೇನೆ ಎಂದು ನಮ್ಮ ಬಾಗಿಲಲ್ಲಿದ್ದ ಡಬ್ಬಿ ಹಾಕುವ ಪೆಟ್ಟಿಗೆಯ ಮೇಲೆ ಒಂದು ಬೋರ್ಡು ಹಾಕಿಸಿದೆ. ದಯವಿಟ್ಟು ಡಬ್ಬಿ ತೊಳೆದು ತನ್ನಿ ಎಂದು ಮರಾಠಿ, ಕನ್ನಡ, ಇಂಗ್ಲಿಷಿನಲ್ಲಿ. ತೊಳೆಯದ್ದನ್ನು ಗಲ್ಲಾದಲ್ಲಿ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳತೊಡಗಿದೆ. ಕೆಲವರು ತಪ್ಪಾಯಿತು ಎಂದು ಒಯ್ದು ತೊಳೆದು ತಂದರು, ಅದನ್ನು ಹೇಳಬೇಕು. ಹೆಚ್ಚಿನವರು ಗೊಣಗಿ, ಯಾರೂ ನೋಡದಾಗ ಪೆಟ್ಟಿಗೆಯ ಬುಡದಲ್ಲಿ ಇಟ್ಟು ಹೋದರು.

ಎದುರಿನ ಸೊಸೈಟಿಯ ಅಧ್ಯಕ್ಷರು ಮಾತ್ರ ನೇರವಾಗಿ ಬಂದರು. ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾಗಿ ಇಲ್ಲೇ ನೆಲೆಸಿದವರು. ಕನ್ನಡ ಕೇಳಲೆಂದೇ ನಮ್ಮಲ್ಲಿ ಕಾಫಿಗೆ ಬರುತ್ತಿದ್ದರು. ಯಾವಾಗಲೂ ಬಟ್ಟೆಯ ಚೀಲ, ಸೊಸೈಟಿಯಲ್ಲಿ ಗೊಬ್ಬರದ ಗುಂಡಿ, ಪ್ಲಾಸ್ಟಿಕ್ಕಿನ ವಿರುದ್ಧ ಭಾಷಣ. ಅವರ ಮೇಲೆ ನನಗೆ ನಿಜವಾಗಿ ಗೌರವ ಇತ್ತು. ಆವತ್ತು ಬೋರ್ಡು ಓದಿ, ಡಬ್ಬಿಯನ್ನು ಗಲ್ಲಾದ ಮೇಲಿಟ್ಟು, ಕನ್ನಡಕ ತೆಗೆದರು. ತೊಳೆಯುವವಳು ಪೆಟ್ಟಿಗೆಯಿಂದ ಡಬ್ಬಿಗಳನ್ನು ಬುಟ್ಟಿಗೆ ತುಂಬಿಕೊಳ್ಳುತ್ತ ಅಲ್ಲೇ ಬಗ್ಗಿ ನಿಂತಿದ್ದಳು.

"ನೋಡಿಯಮ್ಮ, ನೀರು ಹಾಕೋದು ದೊಡ್ಡ ಕೆಲಸ ಅಲ್ಲ," ಎಂದರು. "ಆದರೆ ಹೋಟೆಲಿನಲ್ಲಿ ತಿಂದ ಪಾತ್ರೇನ ನೀವೇ ತೊಳೆದಿಟ್ಟು ಹೋಗಿ ಅಂತ ಹಿಂದೆ ಯಾರಿಗೆ ಹೇಳ್ತಿದ್ರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈಗ ನಮ್ಮನ್ನೂ ಆ ಸಾಲಿಗೆ ಸೇರಿಸಿಬಿಟ್ರಾ? ಇದು ಮರ್ಯಾದೆ ಪ್ರಶ್ನೆ."

ನನಗೆ ಗೊತ್ತಿಲ್ಲದ ಮಾತಲ್ಲ. ನಮ್ಮ ಊರ ಹೋಟೆಲುಗಳ ಹಿಂಬದಿಯ ಕಟ್ಟೆಯ ಮೇಲೂ ಕೆಲವರಿಗೆಂದು ಬೇರೆ ಲೋಟ ಕವುಚಿಡುತ್ತಿದ್ದರು, ಕುಡಿದವರೇ ಅದನ್ನು ತೊಳೆದು ಇಡಬೇಕಿತ್ತು ಎಂದು ಹಿರಿಯರು ಹೇಳಿದ್ದನ್ನು ಕೇಳಿದ್ದೇನೆ. ಅದು ಹಳೆಯ ಕಾಲ, ಯಾರಿಗೂ ಅದರ ಕೆಟ್ಟತನ ತಿಳಿದಿರಲಿಲ್ಲ ಎಂದೂ ಅವರೇ ಹೇಳುತ್ತಿದ್ದರು. ಗೊಬ್ಬರದ ಗುಂಡಿ ಮಾಡಿಸಿದ ಈ ದೊಡ್ಡ ಮನುಷ್ಯರಿಗೆ ಒಂದು ಲೋಟ ನೀರು ಸುರಿಯುವುದರಲ್ಲಿ ಆ ಲೋಟವೇ ಕಂಡಿತಲ್ಲ ಎಂದು ನನಗೆ ಮೈ ಉರಿದುಹೋಯಿತು. ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಇವರು ಒಳಗಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದು, ತಪ್ಪು ತಿಳಿಯಬೇಡಿ ಸರ್ ಎಂದು ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡರು. ಅಧ್ಯಕ್ಷರು ಹೋದ ಕೂಡಲೇ ಇವರು ಬೋರ್ಡು ಕಿತ್ತರು.

"ನೀನು ಸುಮ್ಮನೆ ಇರು ಮಾರಾಯ್ತಿ," ಎಂದರು. "ಸೊಸೈಟಿಯವರು ಆರ್ಡರ್ ನಿಲ್ಲಿಸಿದ್ರೆ ನಾವು ಎಂತ ಮಾಡುದು? ಅವಳಿಗೆ ಬೇಕಾದ್ರೆ ಸಂಬಳ ಜಾಸ್ತಿ ಮಾಡುವ."

ಅವಳು ಬುಟ್ಟಿಯನ್ನು ಸೊಂಟದಿಂದ ಇಳಿಸಿ ನೆಲದ ಮೇಲಿಟ್ಟಳು. ಸಿಟ್ಟು ಇರಲಿಲ್ಲ, ಏನೋ ಹಳೆಯ ಲೆಕ್ಕ ಈಗ ಬಗೆಹರಿದವರ ಮುಖ.

"ನಮ್ಮೂರಾಗ ಚಾದಂಗಡ್ಯಾಗ ನಮ್ಮ ಕಪ್ಪು ನಾವೇ ತೊಳದು ಇಡಬೇಕಾಗಿತ್ತ್ರಿ ಅಕ್ಕಾರ," ಎಂದಳು. "ನಮ್ಮಪ್ಪ ಒಮ್ಮೆ ಯಾಕಂತ ಕೇಳಿದ. ಇದು ಪದ್ಧತಿ ಅದ, ಇದರಾಗ ಅವಮಾನ ಏನದ ಅಂದ್ರು. ಖರೇನೇ ಅವರಿಗೆ ತಿಳಿಯಂಗಿಲ್ಲ ಅಂತ ಅನ್ಕೊಂಡಿದ್ದೆ. ಇವತ್ತ ನೋಡಿದ್ರ ಎಲ್ಲಾ ತಿಳೀತಿತ್ತು ಅಂತ ಆತಲ್ರಿ."

ಅಷ್ಟು ಹೇಳಿ ಮೋರಿಯ ಕಡೆ ಹೋಗಿ ಕಾಲು ತೊಳೆದುಕೊಂಡು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ತನ್ನ ಚೀಲ ತೆಗೆದುಕೊಂಡು ನಡೆದಳು. ಬಾಗಿಲವರೆಗೆ ಹಿಂದೆ ಹೋದೆ. ಇರು ಎಂದು ಹೇಳುವ ಮುಖ ನನಗಿರಲಿಲ್ಲ. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತೇನೆ, ಉಸುಕು ಹೊತ್ತರೆ ತಲೆ ನೋಯಬಹುದು, ಊಟವಂತೂ ಬಿಟ್ಟುಹೋಗುವುದಿಲ್ಲ ಎಂದಳು. ಆಮೇಲೆ ಒಂದು ಸಲ ರಸ್ತೆಯಲ್ಲಿ ಸಿಕ್ಕಾಗ ನಾನು ಮೊದಲು ಕೇಳಿದ್ದು ಊಟದ ವಿಷಯವನ್ನೇ. ಈಗ ರೊಟ್ಟಿ ತಿನ್ನುತ್ತೇನೆ, ಅನ್ನ ಕಲಸಲು ಇನ್ನೂ ಮನಸ್ಸು ಬರುವುದಿಲ್ಲ ಎಂದಳು.

ಅವಳ ಜಾಗಕ್ಕೆ ಬಂದವರು ಯಾರೂ ನಿಲ್ಲಲಿಲ್ಲ. ಒಬ್ಬಳು ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹೋದಳು. ಡಬ್ಬಿಗಳು ಹಿತ್ತಲಲ್ಲಿ ರಾಶಿ ಬಿದ್ದು, ಒಳಗೆ ಊಟಕ್ಕೆ ಕೂತವರಿಗೂ ನಾತ ಹೊಡೆಯತೊಡಗಿತು. ಆಗ ಆಫೀಸಿಗೆ ಬಿಸಿ ತಟ್ಟಿತು. ನಿಂತೇಹೋಗಿದ್ದ ನೀರಿನ ಪೈಪು ಓಡೋಡಿ ಬಂತು. ಶೆಡ್ಡಿನೊಳಗೆ ತೊಳೆಯುವ ದೊಡ್ಡ ಯಂತ್ರ ಬಂದು ಕೂತಿತು. ಉದ್ಘಾಟನೆಗೆ ಮಂತ್ರಿಗಳ ಕಡೆಯವರು ಯಾರೋ ಬಂದರು, ಹಾರ ಹಾಕಿದ್ದು ಯಂತ್ರಕ್ಕೆ. ಕೆಲವೇ ದಿನಗಳಲ್ಲಿ ಅದು ಕಟ್ಟಿಕೊಂಡು ನಿಂತಿತು. ಯಂತ್ರ ಕೊಟ್ಟ ಕಂಪನಿಯವರು ಬಂದು ಬಿಚ್ಚಿ ನೋಡಿ, ಅನ್ನ, ಮೂಳೆ, ಜಿಡ್ಡು ಒಳಗೆ ಹೋದರೆ ಯಂತ್ರಕ್ಕೆ ಆಗಿಬರುವುದಿಲ್ಲ, ಮತ್ತೆ ಕೆಟ್ಟರೆ ನಾವು ಹೊಣೆಯಲ್ಲ ಎಂದರು.

ಅದೇ ವಾರ ನಿಯಮ ಬಂತು. ಡಬ್ಬಿಯನ್ನು ತೊಳೆದು, ಒರೆಸಿ ವಾಪಸು ಕೊಡತಕ್ಕದ್ದು, ಇಲ್ಲವಾದರೆ ದಂಡ. ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ಚೀಟಿ ಅಂಟಿಸಿದರು. ಅನುಕೂಲ ಎಲ್ಲಿ ಹೋಯಿತೋ, ಯೋಜನೆ ಸಾಯಲಿಲ್ಲ. ಯಾರೂ ಜಗಳಕ್ಕೆ ಬರಲಿಲ್ಲ, ಯಾರ ಮರ್ಯಾದೆಯೂ ಹೋಗಲಿಲ್ಲ. ಒಬ್ಬ ಹೆಂಗಸಿನ ಕೈಗಾಗಿ ಆಗದ ಕೆಲಸ ಒಂದು ಯಂತ್ರದ ಗಂಟಲಿಗಾಗಿ ಒಂದು ವಾರದಲ್ಲಿ ಆಯಿತು.

ಅಧ್ಯಕ್ಷರು ಈಗಲೂ ಕಾಫಿಗೆ ಬರುತ್ತಾರೆ. ನಿಯಮ ಬಂದ ಮೇಲೆ ಮೊದಲ ಸಲ ಬಂದಾಗ ಬಟ್ಟೆಯ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ತೆರೆದು ನನಗೆ ತೋರಿಸಿದರು.

"ಸೋಪು ಹಾಕಿ ತೊಳೆದು ಬಿಸಿಲಿಗೆ ಇಟ್ಟು ತಂದಿದ್ದೀನಮ್ಮ," ಎಂದರು. "ಪಾಪ, ಮೆಷಿನ್ ಬಹಳ ಸೂಕ್ಷ್ಮ ಅಂತೆ."

ನಾನು ಕೈ ಚಾಚಿ ತೆಗೆದುಕೊಂಡೆ. ಒಳಗೆ ಒಂದು ಅಗುಳಿಲ್ಲ, ಒಂದು ಹನಿ ನೀರಿಲ್ಲ, ಹೊಸ ಪಾತ್ರೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಅದನ್ನು ನೋಡಿ ನನಗೆ ವಾಕರಿಕೆ ಬಂತು.